ಪೆಟ್ಟಿನ ಬೆಲೆ: ಐಸ್ ಹಾಕಿಯಲ್ಲಿ ಗಟ್ಟಿತನ ಮತ್ತು ಕೈಚಳಕ

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಸಂಜೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಐಸ್ ಹಾಕಿಯ ಬಗ್ಗೆ ಮಾತನಾಡುತ್ತೇನೆ ಎಂದಾಗ ಈ ಸಭೆಯನ್ನು ಏರ್ಪಡಿಸಿದ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ನಮ್ಮ ಹಾಕಿ ಅಲ್ಲವೇ ಸಾರ್?" ಎಂದು ಕೇಳಿದರು. ಅವರ ಅನುಮಾನ ಸಹಜವಾದದ್ದೇ. ಈ ಊರಿನಲ್ಲಿ ನೀರು ಗಡ್ಡೆ ಕಟ್ಟುವುದು ಫ್ರಿಜ್ಜಿನೊಳಗೆ ಮಾತ್ರ. ಆದರೆ ನನ್ನ ಮಗಳು ಟೊರಾಂಟೊದಲ್ಲಿ ನೆಲೆಸಿದ ಮೇಲೆ, ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯವನ್ನು ಚಳಿಗಾಲದ ದಿನಗಳಲ್ಲಿ ಇಲ್ಲಿ ಬೆಳಗಿನ ಐದೂವರೆಗೆ, ಹಾಲಿನ ಪ್ಯಾಕೆಟ್ ಬಾಗಿಲಿಗೆ ಬೀಳುವ ಹೊತ್ತಿನಲ್ಲಿ, ನೋಡುವ ಚಟ ನನಗೆ ಹತ್ತಿಕೊಂಡಿದೆ. ಪಂದ್ಯ ಮುಗಿದ ಮೇಲೆ ಫೋನಿನಲ್ಲಿ ಅಳಿಯಂದಿರ ಜೊತೆ ವಾದ ನಡೆಯುತ್ತದೆ. "ಗುದ್ದಾಡೋಕೆ ಹೆದರೋ ತಂಡ ಕಪ್ ಗೆಲ್ಲಲ್ಲ ಮಾವ" ಎಂಬುದು ಅವರ ಪಕ್ಷ. ಇವತ್ತಿನ ಉಪನ್ಯಾಸ ಆ ವಾದಕ್ಕೆ ನಾನು ಕೊಡುತ್ತಿರುವ ಉದ್ದನೆಯ ಉತ್ತರ ಎಂದು ಭಾವಿಸಿದರೂ ನನ್ನ ಅಭ್ಯಂತರವಿಲ್ಲ.

ಈ ವಾದ ಬೆಂಗಳೂರಿಗೆ ಹೊಸದೇನೂ ಅಲ್ಲ. ಅಕ್ಕಿತಿಮ್ಮನಹಳ್ಳಿಯ ಹಾಕಿ ಮೈದಾನದ ಮೆಟ್ಟಿಲುಗಳ ಮೇಲೆ ಕೂತು ಆಟ ನೋಡಿದವರಿಗೆಲ್ಲ ಇದರ ಇನ್ನೊಂದು ರೂಪ ಗೊತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ಕೊಡಗಿನ ಬಿ.ಪಿ. ಗೋವಿಂದ ಅವರಿದ್ದ ಭಾರತ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. 1928ರಿಂದ ಪದಕವಿಲ್ಲದೆ ಮರಳದ ದೇಶ ಬರಿಗೈಯಲ್ಲಿ ಬಂತು. ಅಂದಿನಿಂದ "ಅವರದು ಶಕ್ತಿ, ನಮ್ಮದು ಕಲೆ" ಎನ್ನುವ ಮಾತನ್ನು ನಾವು ನಮ್ಮ ಸಮಾಧಾನಕ್ಕಾಗಿ ಹೇಳಿಕೊಳ್ಳುತ್ತಲೇ ಬಂದಿದ್ದೇವೆ. ಆ ಮಾತಿನಲ್ಲಿ ನಿಜ ಎಷ್ಟಿದೆಯೋ ಮರೆಮಾಚುವಿಕೆಯೂ ಅಷ್ಟೇ ಇದೆ ಎಂದು ನನಗೆ ಅನ್ನಿಸುತ್ತದೆ. ಹಾಸು ಬದಲಾದಾಗ ಯಾವುದನ್ನು ಕೌಶಲ ಎನ್ನಬೇಕು ಎಂಬುದೂ ಬದಲಾಗಿತ್ತು. ಐಸ್ ಹಾಕಿಯಲ್ಲಿ ಆಗಿರುವುದೂ ಹೆಚ್ಚುಕಡಿಮೆ ಇದೇ. ಅಲ್ಲಿ ಬದಲಾದದ್ದು ಹಾಸಿನ ಬದಲು ನಿಯಮ.

ಆಟದ ಕಟ್ಟನ್ನು ಮೊದಲು ಹೇಳಿಬಿಡುತ್ತೇನೆ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ 1917ರಲ್ಲಿ ಹುಟ್ಟಿತು. ಅದರ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಸುತ್ತಲೂ ಹಲಗೆಯ ಗೋಡೆ, ಅದರ ಮೇಲೆ ಗಾಜು. ಒಂದು ತಂಡದಿಂದ ಒಬ್ಬ ಗೋಲ್‌ಕೀಪರ್, ಐವರು ಆಟಗಾರರು. ಈ ಐವರು ಸುಮಾರು ಮುಕ್ಕಾಲು ನಿಮಿಷ ಪ್ರಾಣ ಹೋಗುವಂತೆ ಆಡಿ, ಬೆಂಚಿಗೆ ಮರಳಿ, ಬೇರೆಯವರನ್ನು ಇಳಿಸುತ್ತಾರೆ. ಚೆಂಡಿನ ಬದಲು ಪಕ್: ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆ. ಪುಟಿಯದಿರಲೆಂದು ಅದನ್ನು ಪಂದ್ಯಕ್ಕೆ ಮೊದಲೇ ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿಡುತ್ತಾರೆ. ಮಗಳು ತಂದುಕೊಟ್ಟ ಒಂದು ಪಕ್ ಇಲ್ಲಿದೆ, ಕೈಯಿಂದ ಕೈಗೆ ದಾಟಿಸಿ ನೋಡಿ. ಆರು ಅಡಿ ಒಂಬತ್ತು ಅಂಗುಲ ಎತ್ತರದ ಝ್ಡೆನೊ ಚಾರಾ 2012ರ ಒಂದು ಕೌಶಲ ಸ್ಪರ್ಧೆಯಲ್ಲಿ ಇದನ್ನು ಗಂಟೆಗೆ ಸುಮಾರು 175 ಕಿಲೋಮೀಟರ್ ವೇಗದಲ್ಲಿ ಹೊಡೆದರು. ಅಂಥ ಹೊಡೆತದ ಎದುರಿಗೆ ಮೈಯೊಡ್ಡಿ ಮಲಗುವುದೂ ಈ ಆಟದಲ್ಲಿ ದಿನನಿತ್ಯದ ಕೆಲಸವೇ.

ಒಂದು ಸಣ್ಣ ಅವಮಾನವನ್ನೂ ಹೇಳಿಬಿಡುತ್ತೇನೆ. ನಮ್ಮ ಊರಿನ ಒಂದು ಮಾಲ್‌ನಲ್ಲಿ ಮಂಜುಗಡ್ಡೆಯ ಪುಟ್ಟ ಅಂಕಣವಿತ್ತು. ಎಳೆಯ ವಯಸ್ಸಿನಲ್ಲಿ ಹಾಕಿ ಆಡಿದವನು ನಾನು ಎಂಬ ಜಂಭದಲ್ಲಿ ಬಾಡಿಗೆ ಸ್ಕೇಟ್ ಕಟ್ಟಿಕೊಂಡು ಇಳಿದೆ. ಕಂಬಿ ಬಿಟ್ಟ ಮೂರನೆಯ ಹೆಜ್ಜೆಗೆ ಕುಂಡಿ ಊರಿ ಕೂತೆ. ಎಂಟು ವರ್ಷದ ಹುಡುಗಿಯೊಬ್ಬಳು ಹಿಂದುಹಿಂದಾಗಿ ಜಾರುತ್ತಾ ಬಂದು "ಅಂಕಲ್, ಮಂಡಿ ಬಗ್ಗಿಸಿ" ಎಂದು ಹೇಳಿ ಹೋದಳು. ಗಟ್ಟಿತನ ದೊಡ್ಡದೋ ಕೌಶಲ ದೊಡ್ಡದೋ ಎಂದು ಕೇಳುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಆ ನೆಲದ ಮೇಲೆ ನೆಟ್ಟಗೆ ನಿಲ್ಲುವುದೇ ಒಂದು ವಿದ್ಯೆ. ಗುದ್ದುವವನೂ ಮೊದಲು ಅದನ್ನು ಕಲಿತೇ ಬಂದಿರಬೇಕು.

ಬಾಡಿ ಚೆಕ್ ಎನ್ನುವುದನ್ನೇ ನೋಡಿ. ಪಕ್ ಹಿಡಿದವನಿಗೆ ಭುಜ ಅಥವಾ ಸೊಂಟ ಕೊಟ್ಟು ಅವನನ್ನು ಪಕ್‌ನಿಂದ ಬೇರೆ ಮಾಡುವುದು ನಿಯಮ ಒಪ್ಪಿದ ಕ್ರಮ. ಟಿವಿಯಲ್ಲಿ ಅದು ಎರಡು ಗೂಳಿಗಳ ಡಿಕ್ಕಿಯಂತೆ ಕಾಣುತ್ತದೆ. ನಿಧಾನಗತಿಯಲ್ಲಿ ನೋಡಿದರೆ ಬೇರೆಯೇ ಕಾಣುತ್ತದೆ. ಗೋಲಿನ ಹಿಂದಿನ ಮೂಲೆಗೆ ಪಕ್ ಉರುಳಿದೆ ಎನ್ನಿ. ರಕ್ಷಣೆಯವನು ಎದುರಾಳಿಗೆ ಬೆನ್ನು ಹಾಕಿ ಅದರತ್ತ ಓಡುವಾಗ ಒಂದೆರಡು ಸಲ ಹೆಗಲ ಮೇಲಿಂದ ಹಿಂದಕ್ಕೆ ನೋಡಿಕೊಳ್ಳುತ್ತಾನೆ. ಬೆನ್ನಟ್ಟುವವನು ನೇರವಾಗಿ ನುಗ್ಗುವುದಿಲ್ಲ. ಸ್ವಲ್ಪ ಬಳಸಿ ಬಂದು, ಎದುರಾಳಿಗೆ ಹಲಗೆಯ ಕಡೆಯ ದಾರಿಯೊಂದನ್ನೇ ಉಳಿಸುತ್ತಾನೆ. ಮುಟ್ಟುವ ಗಳಿಗೆಯಲ್ಲಿ ಅವನ ಮಂಡಿ ಬಗ್ಗಿರುತ್ತದೆ, ಸ್ಟಿಕ್ ಕೆಳಗಿರುತ್ತದೆ, ಭುಜ ಎದುರಾಳಿಯ ಎದೆಗೆ ತಾಗುವಷ್ಟರಲ್ಲಿ ಕಾಲು ಆಗಲೇ ಪಕ್ ಅನ್ನು ಒದ್ದು ತನ್ನವನ ಕಡೆಗೆ ಸರಿಸಿರುತ್ತದೆ. ಅರ್ಧ ಸೆಕೆಂಡು ತಡವಾದರೆ ಅದು ಎರಡು ನಿಮಿಷದ ಪೆನಾಲ್ಟಿ, ಅಷ್ಟು ಹೊತ್ತು ಆಟದಿಂದ ಹೊರಗೆ ಕೂರಬೇಕು. ಕೋನ ತಪ್ಪಿದರೆ ಹಲಗೆಗೆ ಬಡಿಯುವವನು ತಾನೇ. ನಮ್ಮ ಪೇಟೆಯ ಹಳೆಯ ಗರಡಿಮನೆಗಳಲ್ಲಿ ಸಾಮು ಮಾಡಿದವರು ಬಲಕ್ಕೂ ಪಟ್ಟಿಗೂ ಇರುವ ನಂಟನ್ನು ಹೇಗೆ ಹೇಳುತ್ತಿದ್ದರೋ, ಇದೂ ಹಾಗೆಯೇ. ಪಟ್ಟು ತಿಳಿಯದ ಬಲ ಮೊದಲು ತನ್ನನ್ನೇ ಕೆಡವುತ್ತದೆ.

ಈಗ ಅಳಿಯಂದಿರ ಅಚ್ಚುಮೆಚ್ಚಿನ ಸಾಕ್ಷಿಗೆ ಬರೋಣ. 1974 ಮತ್ತು 1975ರಲ್ಲಿ ಸತತ ಎರಡು ವರ್ಷ ಲೀಗಿನ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡವನ್ನು ಅಲ್ಲಿನ ಪತ್ರಿಕೆಗಳು ಬ್ರಾಡ್ ಸ್ಟ್ರೀಟಿನ ಪುಂಡರು ಎಂದೇ ಕರೆದವು. ಡೇವ್ ಶುಲ್ಟ್ಜ್ ಎಂಬ ಆಟಗಾರ 1974–75ರ ಒಂದೇ ಋತುವಿನಲ್ಲಿ 472 ನಿಮಿಷ ಪೆನಾಲ್ಟಿ ಅನುಭವಿಸಿದ; ಆ ದಾಖಲೆ ಇವತ್ತಿಗೂ ಮುರಿದಿಲ್ಲ. ಆ ಊರಿಗೆ ಆಡಲು ಬರುವ ಮೊದಲೇ ಎದುರಾಳಿಗಳ ಎದೆ ಅರ್ಧ ಕುಗ್ಗಿರುತ್ತಿತ್ತು. ಇದಕ್ಕಿಂತ ದೊಡ್ಡ ಪುರಾವೆ ಬೇಕೆ ಎಂದು ಕೇಳುತ್ತಾರೆ.

ಬೇಕು. ಅದೇ ತಂಡದ ಗೋಲಿನಲ್ಲಿ ನಿಂತಿದ್ದವರು ಬರ್ನಿ ಪೇರೆಂಟ್. ಕಪ್ ಕೈಸೇರಿದ 1974ರ ಕೊನೆಯ ಪಂದ್ಯದ ಫಲಿತಾಂಶ 1–0. 1975ರ ಕೊನೆಯ ಪಂದ್ಯದ್ದು 2–0. ಎರಡರಲ್ಲೂ ಎದುರಾಳಿಗೆ ಒಂದು ಗೋಲೂ ಸಿಗಲಿಲ್ಲ, ಮತ್ತು ಎರಡೂ ವರ್ಷ ಪ್ಲೇಆಫ್‌ನ, ಅಂದರೆ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳ, ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಹೋದದ್ದು ಪೇರೆಂಟ್ ಅವರಿಗೆ. ನಾಯಕ ಬಾಬಿ ಕ್ಲಾರ್ಕ್ 1973, 1975 ಮತ್ತು 1976ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರಾಗಿದ್ದರು. ತರಬೇತುದಾರ ಫ್ರೆಡ್ ಶೀರೊ ಸೋವಿಯತ್ ತರಬೇತಿ ಪದ್ಧತಿಯನ್ನು ಶ್ರದ್ಧೆಯಿಂದ ಓದಿಕೊಂಡವರು. ಪುಂಡರ ಗುರು ಮಾಸ್ಕೋದ ಪಾಠವನ್ನು ಅಭ್ಯಾಸ ಮಾಡುತ್ತಿದ್ದದ್ದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಖುಷಿ ಕೊಡುವ ಸಂಗತಿ. 1976ರ ಫೈನಲ್‌ಗೆ ಬರುವಾಗ ಶುಲ್ಟ್ಜ್ ಇದ್ದ, ಆದರೆ ಗೋಲು ಕಾದವರು ಪೇರೆಂಟ್ ಅಲ್ಲ, ವೇಯ್ನ್ ಸ್ಟೀಫನ್ಸನ್. ಗೀ ಲಫ್ಲರ್ ಅವರ ಮಾಂಟ್ರಿಯಲ್ ಕೆನೇಡಿಯನ್ಸ್ ಫ್ಲೈಯರ್ಸ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿ, ಅಲ್ಲಿಂದ 1979ರವರೆಗೆ ಕಪ್ ಅನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಮಾಂಟ್ರಿಯಲ್ ಮೆತ್ತಗಿನ ತಂಡವೇನಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಆ ಫೈನಲ್‌ನಲ್ಲಿ ಲ್ಯಾರಿ ರಾಬಿನ್ಸನ್ ಅವರು ಗ್ಯಾರಿ ಡಾರ್ನ್‌ಹೋಫರ್ ಅವರನ್ನು ಹಲಗೆಗೆ ಬಡಿದ ರಭಸಕ್ಕೆ ಹಲಗೆಯೇ ಒಳಕ್ಕೆ ಬಾಗಿತು, ಅದನ್ನು ಸರಿಪಡಿಸಬೇಕಾಯಿತು. ಆದರೆ ಅದು ಪಕ್‌ಗಾಗಿ ಕೊಟ್ಟ ಪೆಟ್ಟು. ಹೆದರಿಸಲೆಂದೇ ಕೊಡುವ ಪೆಟ್ಟಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸದೆ ಎರಡನ್ನೂ ಗಟ್ಟಿತನ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದಲೇ ಈ ವಾದ ಮುಗಿಯುವುದಿಲ್ಲ.

ಹೆದರಿಸುವ ಪೆಟ್ಟು ಕೆಲಸವನ್ನೇ ಮಾಡುವುದಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. 1972ರಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ನಡುವೆ ಎಂಟು ಪಂದ್ಯಗಳ ಸರಣಿ ನಡೆಯಿತು. ಎನ್‌ಎಚ್‌ಎಲ್ ತಾರೆಗಳ ಮುಂದೆ ಇವರು ಯಾವ ಲೆಕ್ಕ ಎಂದುಕೊಂಡಿದ್ದ ಕೆನಡಾವನ್ನು ಸೋವಿಯತ್ ಆಟಗಾರರು ಮೊದಲ ಪಂದ್ಯದಲ್ಲೇ 7–3ರಿಂದ ಮಣಿಸಿದರು. ಆರನೆಯ ಪಂದ್ಯದಲ್ಲಿ ಇದೇ ಬಾಬಿ ಕ್ಲಾರ್ಕ್, ಸೋವಿಯತ್ ತಂಡದ ಅತ್ಯಂತ ಚುರುಕಿನ ಆಟಗಾರ ವಲೇರಿ ಖಾರ್ಲಮೋವ್ ಅವರ ಕಾಲಿನ ಗಿಣ್ಣಿಗೆ ಸ್ಟಿಕ್ಕಿನಿಂದ ಬೀಸಿ ಹೊಡೆದರು. ಕೊನೆಗೆ, ಎಂಟನೆಯ ಪಂದ್ಯ ಮುಗಿಯಲು 34 ಸೆಕೆಂಡುಗಳಿರುವಾಗ ಪಾಲ್ ಹೆಂಡರ್ಸನ್ ಹೊಡೆದ ಗೋಲಿನಿಂದ ಕೆನಡಾ ಸರಣಿ ಗೆದ್ದಿತು. ಆ ಗೆಲುವಿನ ಲೆಕ್ಕದಲ್ಲಿ ಹೆಂಡರ್ಸನ್ ಅವರ ಪಾಲೆಷ್ಟು, ಆ ಗಿಣ್ಣಿನ ಪಾಲೆಷ್ಟು? ನಾನು ಕೌಶಲದ ಪಕ್ಷದವನು. ಆದರೂ ಈ ಪ್ರಶ್ನೆ ಎದುರಾದಾಗ ನನ್ನ ದನಿ ತಗ್ಗುತ್ತದೆ.

ಪ್ರತಿಭೆಯನ್ನು ಹೀಗೆ ಮುರಿಯಬಹುದು ಎಂದಾದ ಮೇಲೆ ಅದಕ್ಕೊಬ್ಬ ಕಾವಲುಗಾರ ಬೇಕಾಗುತ್ತಾನೆ. ಎಡ್ಮಂಟನ್‌ನಲ್ಲಿ ವೇಯ್ನ್ ಗ್ರೆಟ್ಸ್‌ಕಿಗೆ ಡೇವ್ ಸೆಮೆಂಕೊ ಹಾಗೆ ಇದ್ದರು. ಗ್ರೆಟ್ಸ್‌ಕಿ ಭಾರೀ ಆಳೇನಲ್ಲ. ಗೋಲಿನ ಹಿಂದೆ ನಿಂತು ಆಟವನ್ನು ಎರಡು ಹೆಜ್ಜೆ ಮುಂಚಿತವಾಗಿ ಓದುತ್ತಿದ್ದವರು. 1981–82ರಲ್ಲಿ ಒಂದೇ ಋತುವಿನಲ್ಲಿ 92 ಗೋಲು ಹೊಡೆದರು. 1983ರ ಆಲ್‌ಸ್ಟಾರ್ ಪಂದ್ಯದಲ್ಲಿ ತಮಗೆ ಬಹುಮಾನವಾಗಿ ಬಂದ ಕಾರನ್ನು ಅವರು ಸೆಮೆಂಕೊಗೆ ಕೊಟ್ಟುಬಿಟ್ಟರು. ಕಾವಲಿನ ಬೆಲೆ ಅವರಿಗೆ ಗೊತ್ತಿತ್ತು. ಆದರೆ ಜನ ದುಡ್ಡು ಕೊಟ್ಟು ನೋಡಲು ಬಂದದ್ದು ಯಾರನ್ನು ಎಂಬುದರಲ್ಲಿ ಸೆಮೆಂಕೊಗೂ ಸಂಶಯವಿದ್ದಿರಲಾರದು.

ಈ ಕಾವಲುಗಾರರನ್ನು ಅಲ್ಲಿ ಎನ್‌ಫೋರ್ಸರ್ ಎನ್ನುತ್ತಾರೆ. ಅವರ ಕಥೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಡೆರೆಕ್ ಬೂಗಾರ್ಡ್ ಆರು ಅಡಿ ಏಳು ಅಂಗುಲದ ಆಳು. ಎನ್‌ಎಚ್‌ಎಲ್‌ನಲ್ಲಿ 277 ಪಂದ್ಯ ಆಡಿ ಹೊಡೆದದ್ದು ಮೂರು ಗೋಲು. ಅವರಿಗೆ ಸಂಬಳ ಬರುತ್ತಿದ್ದದ್ದು ಮುಷ್ಟಿಗೆ. 2011ರ ಮೇ ತಿಂಗಳಲ್ಲಿ, 28ನೆಯ ವಯಸ್ಸಿಗೆ, ನೋವುನಿವಾರಕ ಗುಳಿಗೆ ಮತ್ತು ಮದ್ಯ ಎರಡೂ ಸೇರಿ ಅವರ ಪ್ರಾಣ ತೆಗೆದವು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆ ಆ ಎಳೆಯ ಮಿದುಳಿನಲ್ಲಿ ಆಗಲೇ ಬೇರುಬಿಟ್ಟಿತ್ತು ಎಂದು ಪರೀಕ್ಷೆಯಲ್ಲಿ ತಿಳಿಯಿತು. ಬೆಳಗಿನ ಕಾಫಿ ಕುಡಿಯುತ್ತಾ ಹೊಡೆದಾಟಕ್ಕೆ ಚಪ್ಪಾಳೆ ತಟ್ಟುವ ನನ್ನಂಥವರು ಆ ಮೂರು ಗೋಲುಗಳ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಆ ಕಸುಬು ಈಗ ಹೆಚ್ಚುಕಡಿಮೆ ಮುಗಿದಿದೆ. ಕಾರಣ ಕರುಣೆಯೊಂದೇ ಅಲ್ಲ. 2004–05ರ ಋತು ಮಾಲೀಕರು ಮತ್ತು ಆಟಗಾರರ ಜಗಳದಿಂದ ಪೂರ್ತಿ ರದ್ದಾಯಿತು. ಆಟ ಮರಳಿದಾಗ, ಎದುರಾಳಿಯನ್ನು ಹಿಡಿದೆಳೆಯುವುದಕ್ಕೂ ಸ್ಟಿಕ್ ಸಿಕ್ಕಿಸಿ ತಡೆಯುವುದಕ್ಕೂ ರೆಫರಿಗಳು ಕಟ್ಟುನಿಟ್ಟಾಗಿ ಶಿಳ್ಳೆ ಊದತೊಡಗಿದರು. 2010ರಲ್ಲಿ ತಲೆಯನ್ನೇ ಗುರಿ ಮಾಡುವ ಪೆಟ್ಟಿಗೆ ಪ್ರತ್ಯೇಕ ನಿಯಮ ಬಂತು. ಒಬ್ಬ ಪೆನಾಲ್ಟಿಗೆ ಹೋದರೆ ಎದುರಾಳಿಗೆ ಒಬ್ಬ ಹೆಚ್ಚುವರಿ ಆಟಗಾರ ಸಿಗುತ್ತಾನೆ, ಅಂಥ ಅವಕಾಶಗಳಲ್ಲಿ ಸರಿಸುಮಾರು ಐದಕ್ಕೊಂದು ಗೋಲಾಗುತ್ತದೆ. ಹೀಗಿರುವಾಗ ಗೋಲು ಹೊಡೆಯಲು ಬಾರದವನಿಗೆ ಬೆಂಚಿನಲ್ಲಿ ಒಂದು ಜಾಗ ಬಿಟ್ಟುಕೊಡುವುದು ಯಾವ ತಂಡಕ್ಕೂ ಕಟ್ಟುವುದಿಲ್ಲ. ಐದಡಿ ಎಂಟು ಅಂಗುಲದ, ಆಯ್ಕೆ ಪ್ರಕ್ರಿಯೆಯಲ್ಲಿ ಯಾರೂ ಕೊಳ್ಳದೆ ಬಿಟ್ಟ ಮಾರ್ಟಿನ್ ಸೇಂಟ್ ಲೂಯಿ 2004ರಲ್ಲಿ, ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಎರಡನ್ನೂ ಎಣಿಸುವ ಆಟಗಾರರ ಅಂಕಪಟ್ಟಿಯ ತುದಿಗೇರಿದ್ದಲ್ಲದೆ ಕಪ್ಪನ್ನೂ ಗೆದ್ದರು. ಹೊಸ ನಿಯಮಗಳ ಕಾಲದಲ್ಲಿ, 2013ರಲ್ಲಿ, ಮತ್ತೆ ಆ ಪಟ್ಟಿಯ ಮೊದಲಿಗರಾದಾಗ ಅವರ ವಯಸ್ಸು 37.

ಹಾಗಾದರೆ ಗಟ್ಟಿತನಕ್ಕೆ ಜಾಗವೇ ಇಲ್ಲವೇ ಎಂದರೆ, ಇದೆ. ನನ್ನ ಮಾತಿನ ಮುಖ್ಯ ಎಳೆಯೇ ಇದು. ಪೆಟ್ಟು ಕೊಡುವ ಗಟ್ಟಿತನ ಬೇರೆ, ಪೆಟ್ಟು ತಿಂದು ಆಟ ಬಿಡದ ಗಟ್ಟಿತನ ಬೇರೆ. ಮೊದಲನೆಯದರ ಬೆಲೆಯನ್ನು ನಿಯಮಗಳು ಇಳಿಸಿವೆ. ಎರಡನೆಯದರ ಬೆಲೆಯನ್ನು ಯಾವ ನಿಯಮವೂ ಇಳಿಸಲಾಗಿಲ್ಲ. 1964ರ ಫೈನಲ್‌ನ ಆರನೆಯ ಪಂದ್ಯದಲ್ಲಿ ಟೊರಾಂಟೊದ ಬಾಬಿ ಬಾನ್ ಮುರಿದ ಕಾಲಿನಲ್ಲೇ ಮರಳಿ ಬಂದು ಹೆಚ್ಚುವರಿ ಅವಧಿಯ ಗೋಲು ಹೊಡೆದರು. 2013ರಲ್ಲಿ ಬಾಸ್ಟನ್ನಿನ ಗ್ರೆಗರಿ ಕ್ಯಾಂಪ್‌ಬೆಲ್ ಒಂದು ಹೊಡೆತಕ್ಕೆ ಅಡ್ಡ ಬಿದ್ದು ಕಾಲು ಮುರಿದುಕೊಂಡರು. ಬೆಂಚಿಗೆ ಹೋಗಲು ದಾರಿ ಸಿಗದೆ ಸುಮಾರು ಒಂದು ನಿಮಿಷ ಒಂಟಿಗಾಲಿನಲ್ಲಿ ಪಕ್‌ನ ದಾರಿಗೆ ಅಡ್ಡವಾಗಿ ನಿಂತೇ ಇದ್ದರು. ಅದೇ ವರ್ಷದ ಫೈನಲ್‌ನಲ್ಲಿ ಅವರ ಜೊತೆಗಾರ ಪಾಟ್ರೀಸ್ ಬರ್ಜೆರಾನ್ ಮುರಿದ ಪಕ್ಕೆಲುಬಿನೊಂದಿಗೆ ಆಡಿದರು, ಆಟ ಮುಗಿಯುವಷ್ಟರಲ್ಲಿ ಅವರ ಶ್ವಾಸಕೋಶಕ್ಕೂ ತೂತು ಬಿದ್ದಿತ್ತು. ಇದನ್ನು ನಾನು ಹೊಗಳುತ್ತಿಲ್ಲ. ಇದರಲ್ಲಿ ಸ್ವಲ್ಪ ಹುಚ್ಚೂ ಇದೆ. ಆದರೆ ಬರ್ಜೆರಾನ್ ಲೀಗಿನ ಅತ್ಯಂತ ನಾಜೂಕಿನ, ಲೆಕ್ಕಾಚಾರದ ಆಟಗಾರರಲ್ಲಿ ಒಬ್ಬರಾಗಿದ್ದರು. ಅವರ ಕೌಶಲ ಕೆಲಸಕ್ಕೆ ಬರುತ್ತಿದ್ದದ್ದು ಗೋಲಿನ ಮುಂದಿನ ಆರೇಳು ಅಡಿಯ ಆ ಜಾಗದಲ್ಲಿ. ಅಲ್ಲಿ ನಿಂತವನ ಸೊಂಟಕ್ಕೆ, ಕೈಗೆ, ಬೆನ್ನಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಅಲ್ಲಿಗೆ ಹೋಗಲು ಒಲ್ಲದ ಕೈಚಳಕ ಅಭ್ಯಾಸದ ಹೊತ್ತಿಗೆ ಚಂದ, ಪ್ಲೇಆಫ್‌ನಲ್ಲಿ ಕಾಣಿಸುವುದಿಲ್ಲ.

ಆದ್ದರಿಂದ ಆರಿಸಲೇಬೇಕೆಂದರೆ ನಾನು ಆರಿಸುವುದು ಕೌಶಲವನ್ನು. ಆದರೆ ಮೈ ಒಡ್ಡಲು ಹಿಂಜರಿಯದ ಕೌಶಲವನ್ನು. ಇವೆರಡೂ ಒಬ್ಬನಲ್ಲೇ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಅಲೆಕ್ಸಾಂಡರ್ ಓವೆಚ್ಕಿನ್ ಇದ್ದಾರೆ. ಲೀಗಿನಲ್ಲೇ ಅತಿ ಹೆಚ್ಚು ಡಿಕ್ಕಿ ಕೊಡುವ ಮುಂಪಡೆಯವರಲ್ಲಿ ಒಬ್ಬರಾದ ಅವರು, ಗ್ರೆಟ್ಸ್‌ಕಿಯ 894 ಗೋಲುಗಳ ದಾಖಲೆಯನ್ನು 2025ರ ಏಪ್ರಿಲ್‌ನಲ್ಲಿ ದಾಟಿದರು.

ಅದೇ ವರ್ಷದ ಫೆಬ್ರವರಿಯಲ್ಲಿ ನಾಲ್ಕು ದೇಶಗಳ ಒಂದು ಪಂದ್ಯಾವಳಿ ನಡೆಯಿತು. 15ರಂದು ಮಾಂಟ್ರಿಯಲ್‌ನಲ್ಲಿ ಕೆನಡಾ ಮತ್ತು ಅಮೆರಿಕ ಎದುರಾದಾಗ ಮೊದಲ ಒಂಬತ್ತು ಸೆಕೆಂಡುಗಳಲ್ಲೇ ಮೂರು ಹೊಡೆದಾಟಗಳಾದವು. ಅಳಿಯಂದಿರು ಆಗಲೇ ಫೋನ್ ಮಾಡಿ "ನೋಡಿದ್ರಾ ಮಾವ!" ಎಂದರು. ಅಮೆರಿಕ 3–1ರಿಂದ ಗೆದ್ದಿತು. ಐದು ದಿನದ ನಂತರ ಬಾಸ್ಟನ್ನಿನಲ್ಲಿ ಅದೇ ಎರಡು ತಂಡಗಳ ನಡುವೆ ಫೈನಲ್. ಪಂದ್ಯ 2–2ರಲ್ಲಿ ಸಮನಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಕೆನಡಾದ ಮಿಚ್ ಮಾರ್ನರ್ ಪಕ್ ಅನ್ನು ಗೋಲಿನ ಎದುರಿನ ಜಾಗಕ್ಕೆ ದಾಟಿಸಿದರು. ಗೋಲಿನ ಎದುರಿಗೆ ಕಾನರ್ ಮೆಕ್‌ಡೇವಿಡ್ ಸುತ್ತ ಒಬ್ಬರೂ ಇರಲಿಲ್ಲ. ಯಾರೂ ಇಲ್ಲದ ಆ ಜಾಗವನ್ನು ಅವರು ಮೊದಲೇ ಕಂಡುಕೊಂಡಿದ್ದರು. ಮಣಿಕಟ್ಟು ಒಮ್ಮೆ ಹೊರಳಿತು, ಪಕ್ ಬಲೆಯಲ್ಲಿತ್ತು. ಆವತ್ತು ಟೊರಾಂಟೊದಿಂದ ಫೋನ್ ಬರಲು ಸ್ವಲ್ಪ ತಡವಾಯಿತು. ಕೆನಡಾ ಗೆದ್ದ ಖುಷಿಯಲ್ಲಿ ಅಳಿಯಂದಿರು ಹೊಡೆದಾಟದ ಮಾತನ್ನು ಎತ್ತಲೇ ಇಲ್ಲ, ನಾನೂ ನೆನಪಿಸಲು ಹೋಗಲಿಲ್ಲ.