ಒಂದೇ ಮನೆಗೆ ಎರಡು ಅಳತೆಗೋಲು: ವೃದ್ಧಾಪ್ಯ ಪಿಂಚಣಿಯ 32 ಸಾವಿರದ ಗೋಡೆ

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಬೇಕಾದರೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷದ 20 ಸಾವಿರ ರೂಪಾಯಿ ದಾಟಬಾರದು. ಅದೇ ಮನೆಯ ಅಜ್ಜಿ, 65 ದಾಟಿದವರಿಗೆ ರಾಜ್ಯ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಲಿ, ಮಿತಿ ಒಮ್ಮೆಲೇ 32 ಸಾವಿರಕ್ಕೆ ಇಳಿಯುತ್ತದೆ. ಮನೆ ಅದೇ, ಸರ್ಕಾರವೂ ಅದೇ. ಅಕ್ಕಿ ಕೊಡುವಾಗ ಬಡವರಾಗಿದ್ದವರು ಪಿಂಚಣಿ ಕೇಳುವಾಗ ಬಡವರಲ್ಲ.

32 ಸಾವಿರ ಅಂದರೆ ಎಷ್ಟು, ನೋಡಿ. ತಿಂಗಳಿಗೆ 2,667 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಮನೆಯಲ್ಲಿ ಒಬ್ಬರು ಪೂರ್ತಿ 100 ದಿನ ಮಣ್ಣು ಹೊತ್ತರೆ ಕೈಗೆ ಬರುತ್ತಿದ್ದದ್ದು 37 ಸಾವಿರ. ಸರ್ಕಾರವೇ ಕೊಟ್ಟ ಕೂಲಿ ಆ ಮನೆಯ ಹಿರಿಯರನ್ನು ಪಿಂಚಣಿಯಿಂದ ಆಚೆ ನಿಲ್ಲಿಸಲು ಸಾಕಿತ್ತು.

ಹೀಗಿದ್ದೂ ಲಕ್ಷಾಂತರ ಜನರಿಗೆ ಪಿಂಚಣಿ ಬರುತ್ತಿದೆ. ಹೇಗೆ? ಆದಾಯ ಪ್ರಮಾಣಪತ್ರದಲ್ಲಿ 32 ಸಾವಿರದ ಒಳಗಿನ ಒಂದು ಅಂಕಿ ಇರುತ್ತದೆ. ಅದು ನಿಜವಲ್ಲ ಅಂತ ಅರ್ಜಿದಾರರಿಗೂ ಗೊತ್ತು, ಸ್ಥಳ ಪರಿಶೀಲನೆಗೆ ಬಂದ ಗ್ರಾಮ ಆಡಳಿತ ಅಧಿಕಾರಿಗೂ ಗೊತ್ತು. ಅಧಿಕಾರಿಗೆ ಮನಸ್ಸಿದ್ದರೆ ಬರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಮಧ್ಯವರ್ತಿ ಹುಟ್ಟಿಕೊಳ್ಳುವುದು ಸರಿಯಾಗಿ ಈ ಜಾಗದಲ್ಲೇ. ಮುಂದೊಂದು ದಿನ ಸರ್ಕಾರ ದತ್ತಾಂಶ ತಾಳೆ ನೋಡಲು ಕೂತಾಗ ಅದೇ ಅಂಕಿ ಅಜ್ಜಿಯ ಕೊರಳಿಗೆ ಬೀಳುತ್ತದೆ: ‘ಅನರ್ಹ ಫಲಾನುಭವಿ’.

ಅನರ್ಹರನ್ನು ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಸತ್ತವರ ಹೆಸರಿನಲ್ಲಿ ಹಣ ಹೋಗುತ್ತಿದ್ದರೆ ನಿಲ್ಲಿಸಿ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನಿವೃತ್ತಿ ವೇತನ ಪಡೆಯುವವರು, ವಯಸ್ಸು ತಿದ್ದಿಸಿಕೊಂಡ ಐವತ್ತರ ಆಸುಪಾಸಿನವರು ಪಟ್ಟಿಯಲ್ಲಿದ್ದರೆ ತೆಗೆಯಿರಿ. ಆದರೆ ಆ ಕೆಲಸಕ್ಕೆ 32 ಸಾವಿರದ ಮಿತಿಯನ್ನು ಹಿಡಿದರೆ ಕಳ್ಳರ ಜೊತೆ ಕೂಲಿಯವರೂ ಹೋಗುತ್ತಾರೆ. ಬಿಪಿಎಲ್ ಕಾರ್ಡ್ ಇದ್ದ ಮನೆಯಲ್ಲಿ ವಯಸ್ಸಾದವರಿಗೆ ಬೇರೆ ಆದಾಯ ಪ್ರಮಾಣಪತ್ರವೇ ಬೇಡ ಅನ್ನಿ. ಅರ್ಧ ಅರ್ಜಿಗಳ ಗೋಳು ಅಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಜರಡಿ ಹಿಡಿದು ಕೊಡುವುದಾದರೂ ಎಷ್ಟು? 65 ದಾಟಿದವರಿಗೆ ತಿಂಗಳಿಗೆ 1,200, ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 64ರವರಿಗೆ 800. 2021ರಲ್ಲಿ 200 ರೂಪಾಯಿ ಏರಿಸಿದ್ದೇ ಕೊನೆ. ಆ ಮೇಲೆ ಬೇಳೆ, ಎಣ್ಣೆ, ಬಿಪಿ ಮಾತ್ರೆಯ ಬೆಲೆ ಸುಮ್ಮನಿತ್ತೇ? ಪಾವಗಡದಿಂದ ಗಡಿ ದಾಟಿ ಮಡಕಶಿರಾಕ್ಕೆ ಹೋದರೆ ಆಂಧ್ರ ಸರ್ಕಾರ 2024ರಿಂದ 4,000 ಕೊಡುತ್ತಿದೆ, ಅದೂ ಮನೆ ಬಾಗಿಲಿಗೆ ತಂದು.

ಕೇಂದ್ರದ ಪಾಲು ಹೇಳಲು ಬೇಸರವಾಗುತ್ತದೆ. 1995ರಲ್ಲಿ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದಾಗ ವೃದ್ಧಾಪ್ಯ ಪಿಂಚಣಿ ತಲೆಗೆ ತಿಂಗಳಿಗೆ 75 ರೂಪಾಯಿ ಇತ್ತು. ಆಮೇಲೆ 200 ಆಯಿತು. 2011ರಲ್ಲಿ ವಯಸ್ಸಿನ ಮಿತಿಯನ್ನು 65ರಿಂದ 60ಕ್ಕೆ ಇಳಿಸಿ, 80 ದಾಟಿದವರಿಗೆ 500 ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಒಂದು ರೂಪಾಯಿ ಹೆಚ್ಚಿಲ್ಲ. ಇಡೀ ಕಾರ್ಯಕ್ರಮಕ್ಕೆ 2024-25ರ ಬಜೆಟ್‌ನಲ್ಲಿ ಇಟ್ಟದ್ದು 9,652 ಕೋಟಿ, 2025-26ರಲ್ಲಿ ಇಟ್ಟದ್ದೂ 9,652 ಕೋಟಿ. ಸರ್ಕಾರಿ ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ, ಆಗಲೇಬೇಕು. ಆ ಸೂಚ್ಯಂಕವನ್ನು 200 ರೂಪಾಯಿಗೂ ಜೋಡಿಸಲು ಅಡ್ಡಿ ಏನು?

ಮಂಜೂರಾದ ಮೇಲೂ ಹಣ ನಿಲ್ಲುವುದಕ್ಕೆ ಕಾರಣಗಳು ಹಲವು, ಹೆಚ್ಚಿನವು ಸರಿಪಡಿಸಬಹುದಾದವು. ಅತಿ ಸಾಮಾನ್ಯವಾದದ್ದು ಬ್ಯಾಂಕ್ ಖಾತೆಯ ಗೊಂದಲ. ಪಿಂಚಣಿ ಬರುವುದು ಆಧಾರ್ ಆಧಾರಿತ ನೇರ ಪಾವತಿಯಲ್ಲಿ. ಹಣ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಸಂಘದ ಸಾಲಕ್ಕೋ ಬೆಳೆ ಸಾಲಕ್ಕೋ ಹೊಸ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದರೆ ಪಿಂಚಣಿ ಅಲ್ಲಿಗೆ ಹೋಗಿ ಕೂರುತ್ತದೆ. ಅಜ್ಜಿ ಹಳೇ ಪಾಸ್‌ಬುಕ್ ಹಿಡಿದು ಆರು ತಿಂಗಳು ಅಲೆಯುತ್ತಾರೆ. ಆದ್ದರಿಂದ ಪಿಂಚಣಿ ನಿಂತಿತು ಅಂದ ಕೂಡಲೇ ನಾಡಕಚೇರಿಗೆ ಓಡುವ ಮೊದಲು ಮೈ ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿಸಿ. ಅಲ್ಲಿ ಕಾಣುವ ಬ್ಯಾಂಕಿನ ಪಾಸ್‌ಬುಕ್ ನಮೂದು ಮಾಡಿಸಿ.

ಎರಡನೆಯದು ವಯಸ್ಸು. ಹುಟ್ಟಿದ ದಾಖಲೆ ಇಲ್ಲದವರಿಗೆ ಆಧಾರ್ ಮಾಡಿಸುವಾಗ ಅಂದಾಜು ಇಸವಿ ಬರೆದುಬಿಟ್ಟಿದ್ದಾರೆ. ಮತದಾರರ ಚೀಟಿಯಲ್ಲಿ 68, ಆಧಾರ್‌ನಲ್ಲಿ 61. ಜನ್ಮ ದಿನಾಂಕದ ತಿದ್ದುಪಡಿಗೆ ಸಾಮಾನ್ಯವಾಗಿ ಸಿಗುವುದು ಒಂದೇ ಅವಕಾಶ, ಹಾಗಾಗಿ ಸರಿಯಾದ ದಾಖಲೆ ಕೈಗೆ ಬರುವ ತನಕ ಅದನ್ನು ಖರ್ಚು ಮಾಡಬೇಡಿ. ಇನ್ನು ಹೆಬ್ಬೆಟ್ಟು. ಬೀಡಿ ಕಟ್ಟಿ, ಕಳೆ ಕಿತ್ತು ರೇಖೆ ಸವೆದವರ ಬೆರಳನ್ನು ಯಂತ್ರ ಓದುವುದಿಲ್ಲ. ಕಣ್ಣಿನ ಪಾಪೆಯ ಸ್ಕ್ಯಾನರ್ ಪ್ರತಿ ನಾಡಕಚೇರಿಯಲ್ಲೂ ಇರಬೇಕು, ಕೆಲಸವನ್ನೂ ಮಾಡಬೇಕು.

ಪಿಂಚಣಿ ನಿಲ್ಲಿಸುವ ಮುನ್ನ ಫಲಾನುಭವಿಯ ಮನೆಗೆ ಕನ್ನಡದಲ್ಲಿ ಲಿಖಿತ ನೋಟಿಸ್ ಹೋಗಬೇಕು, ಕಾರಣ ಅದರಲ್ಲಿರಬೇಕು, ಉತ್ತರಿಸಲು ಕನಿಷ್ಠ 30 ದಿನ ಕೊಡಬೇಕು, ಅಲ್ಲಿಯ ತನಕ ಹಣ ಬರುತ್ತಲೇ ಇರಬೇಕು. ನಿಲ್ಲಿಸಿದ್ದು ತಪ್ಪು ಅಂತಾದರೆ ಬಾಕಿ ಅಷ್ಟನ್ನೂ ಒಟ್ಟಿಗೆ ಕೊಡಬೇಕು. ತಡೆಹಿಡಿದ ಹೆಸರುಗಳ ಪಟ್ಟಿಯನ್ನು ಕಾರಣ ಸಮೇತ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಯಾರು ಸತ್ತಿದ್ದಾರೆ, ಯಾರು ಬದುಕಿದ್ದಾರೆ ಅನ್ನುವುದು ಬೆಂಗಳೂರಿನ ಸರ್ವರ್‌ಗಿಂತ ಊರಿಗೆ ಚೆನ್ನಾಗಿ ಗೊತ್ತು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿ ಕೇಳಿ.