ಬಾಯಿ ಉರಿದರೆ ಮೆಣಸನ್ನು ಬೈಬೇಡಿ

ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ ಬಂಗುಡೆ ಪುಳಿಮುಂಚಿ, ಅಂದರೆ ಹುಳಿ (ಪುಳಿ), ಮೆಣಸು (ಮುಂಚಿ) ಹಾಕಿದ ಮೀನಿನ ಪದಾರ್ಥ, ಅಂದ್ರೆ ಪ್ರಾಣ. ಉಡುಪಿಯ ಮನೆಯಲ್ಲಿ ಅವರು ಮಾಡಿದ್ದನ್ನು ತಿಂದೇ ನಾವೆಲ್ಲ ಬೆಳೆದದ್ದು. ಒಂದು ದಿನ ಅದೇ ಪುಳಿಮುಂಚಿ ಬಾಯಿಗಿಟ್ಟವರು ಕಣ್ಣಲ್ಲಿ ನೀರು ತಂದುಕೊಂಡರು. "ಉರೀತದೆ ಮಗಾ" ಅಂದರು. ವಯಸ್ಸಾಯ್ತಲ್ವಾ ದೊಡ್ಡಮ್ಮ, ಖಾರ ಬಿಡಿ ಅಂದೆವು. ಒಂದೂವರೆ ವರ್ಷ ಮಜ್ಜಿಗೆ ಅನ್ನ ಉಂಡರು. ಲವಂಗದೆಣ್ಣೆ ಹಚ್ಚಿದ್ದೂ ಆಯಿತು. ಬಾಯಿ ತೆರೆಸಿ ಮಾತ್ರ ಯಾರೂ ನೋಡಲಿಲ್ಲ.

ಈ ಉರಿ ಎಲ್ಲಿಂದ ಬರುತ್ತದೆ? ಬಾಯಿಯ ನರಗಳ ತುದಿಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಅಯಾನ್ ಚಾನೆಲ್ ಅಂತಾರೆ. ಬಾಯಿಯ ಒಳಚರ್ಮದ ಜೀವಕೋಶಗಳಲ್ಲೂ ಇವೆ. ಬಾಗಿಲು ತೆರೆದರೆ ಕ್ಯಾಲ್ಸಿಯಂ, ಸೋಡಿಯಂ ಒಳನುಗ್ಗುತ್ತವೆ, ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಅದರಲ್ಲಿ ಟಿಆರ್‌ಪಿವಿ1 ಅನ್ನುವುದು ಸುಮಾರು 43 ಡಿಗ್ರಿ ಬಿಸಿಗೆ ತೆರೆಯುತ್ತದೆ. ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್‌ಗೂ ಅದೇ ಬಾಗಿಲು, ಹುಳಿಗೂ ಅದೇ. ಪುಳಿ, ಮುಂಚಿ ಎರಡೂ ಒಟ್ಟಿಗೆ ತಟ್ಟುವ ಬಾಗಿಲು ನೋಡಿ! 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು ಪತ್ತೆ ಮಾಡಿತು. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ನನಗೆ ಮುಖ್ಯ ಅನ್ನಿಸುವುದು ಇದರ ಚಿಲಕ. ಅದು ಯಾವಾಗಲೂ ಒಂದೇ ಬಿಗಿ ಇರುವುದಿಲ್ಲ. ಬಾಯಲ್ಲಿ ಹುಣ್ಣಾದರೆ, ಉರಿಯೂತ ಇದ್ದರೆ ಚಿಲಕ ಸಡಿಲವಾಗುತ್ತದೆ. ಆಗ ಉಗುರುಬೆಚ್ಚಗಿನ ಗಂಜಿಯೂ ಚುರ್ ಅನ್ನುತ್ತದೆ, ಪುನರ್ಪುಳಿ ಶರಬತ್ತೂ ಚುಚ್ಚುತ್ತದೆ. ಮೆಣಸು ಹಾಗೇ ಇದೆ ಮಾರಾಯ್ರೆ, ಬದಲಾದದ್ದು ಬಾಯಿ.

ಕೊನೆಗೆ ಮಂಗಳೂರಿನಲ್ಲಿ ಹಲ್ಲಿನ ಡಾಕ್ಟ್ರಿಗೆ ತೋರಿಸಿದೆವು. "ಅಮ್ಮ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಡಿ" ಅಂದರು. ಎರಡೇ ಹೋಯಿತು, ಬಾಯಿ ಅದಕ್ಕಿಂತ ಹೆಚ್ಚು ತೆರೆಯಲಿಲ್ಲ. ಟಾರ್ಚ್ ಬೆಳಕಲ್ಲಿ ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿಗಳು ಕಂಡವು. ಸಬ್‌ಮ್ಯೂಕಸ್ ಫೈಬ್ರೋಸಿಸ್. ದೊಡ್ಡಮ್ಮ ದಿನವಿಡೀ ಎಲೆ ಅಡಿಕೆ ಹಾಕುವವರು. ಅಡಿಕೆಯಲ್ಲಿರುವ ಅರೆಕೊಲಿನ್ ಅನ್ನುವ ರಾಸಾಯನಿಕ ಒಳಚರ್ಮದ ಕೆಳಗೆ ನಾರು ಬೆಳೆಸುತ್ತದೆ, ಮೇಲಿನ ಪದರ ತೆಳುವಾಗುತ್ತದೆ. ಖಾರ ತಡೆಯದಿರುವುದು ಇದರ ಮೊದಲ ಲಕ್ಷಣಗಳಲ್ಲಿ ಒಂದು. ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು.

ಅಡಿಕೆ ನಮ್ಮೂರಿನ ಅನ್ನ. ಪುತ್ತೂರು, ಸುಳ್ಯದಲ್ಲಿ ನಮ್ಮ ನೆಂಟರ ತೋಟಗಳೇ ಇವೆ. ಹಾಗಾಗಿ ಇದನ್ನು ಹೇಳುವಾಗ ನನಗೆ ಸಂಕಟ ಆಗುತ್ತದೆ. ಆದರೂ ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಮನೆಯಲ್ಲಿ ಯಾರಾದರೂ ಖಾರ ಆಗುವುದಿಲ್ಲ ಅಂದರೆ ಸುಮ್ನೆ ಸಪ್ಪೆ ಬಡಿಸಬೇಡಿ. ಮೂರು ಬೆರಳು ಇಡಿಸಿ ನೋಡಿ. ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗಿ.

ದೊಡ್ಡಮ್ಮ ಅಡಿಕೆ ಬಿಟ್ಟು ಎಂಟು ತಿಂಗಳಾಯಿತು. ಉರಿ ಕಡಿಮೆಯಾಗಿದೆ. ಬೆರಳು ಇನ್ನೂ ಎರಡೇ ಹೋಗುತ್ತದೆ.