‘ಅದನ್ನು’ ಎಂದರೆ ಯಾವ ಹಸುವನ್ನು?

ಕೇಳುಗರಿಗೆ ನಮಸ್ಕಾರ. ‘ಹಸುವೊಂದನ್ನು ಸಾಕಿರುವ ಪ್ರತಿಯೊಬ್ಬ ರೈತನೂ ಅದನ್ನು ತಾನೇ ಮೇಯಿಸುತ್ತಾನೆ’ ಎಂಬ ಮಾತು ಎಲ್ಲರಿಗೂ ಸಲೀಸಾಗಿ ಅರ್ಥವಾಗುತ್ತದೆ. ಆದರೂ ಅದರಲ್ಲಿರುವ ‘ಅದನ್ನು’ ಯಾವ ಹಸುವನ್ನು ಕುರಿತದ್ದು ಎಂದು ಕೇಳಿದರೆ, ಇಂಥದ್ದೇ ಎಂದು ಒಂದನ್ನು ತೋರಿಸಲಾಗದು. ತರ್ಕಶಾಸ್ತ್ರಜ್ಞ ಪೀಟರ್ ಗೀಚ್ 1962ರಲ್ಲಿ ಚರ್ಚೆಗೆ ತಂದ ಉದಾಹರಣೆಯಲ್ಲಿ ಕತ್ತೆ ಸಾಕಿದವನು ಅದನ್ನು ಹೊಡೆಯುತ್ತಾನೆ. ಅಂದಿನಿಂದಲೂ ಗ್ರಂಥಗಳಲ್ಲಿ ಪೆಟ್ಟು ತಿನ್ನುತ್ತಿರುವ ಆ ಪ್ರಾಣಿಗೆ ನಾನು ಇಂದು ಬಿಡುವು ಕೊಟ್ಟಿದ್ದೇನೆ.

ಅರ್ಥವನ್ನು ಪ್ರಕಾರಗಳ, ಅಂದರೆ ಟೈಪ್‌ಗಳ, ಮೂಲಕ ವಿವರಿಸುವ ಪದ್ಧತಿಗೆ 1970ರ ಆಸುಪಾಸಿನಲ್ಲಿ ಗಟ್ಟಿಯಾದ ರೂಪ ಕೊಟ್ಟವರು ಲಾಸ್ ಏಂಜಲಿಸ್‌ನ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೆಗ್ಯೂ. ಸ್ಥೂಲವಾಗಿ ಹೇಳುವುದಾದರೆ, ಅವರ ಏರ್ಪಾಡಿನಲ್ಲಿ ವ್ಯಕ್ತಿ ಮತ್ತು ವಸ್ತುಗಳದು ಒಂದು ಪ್ರಕಾರ, ಸತ್ಯಾಸತ್ಯಗಳದು ಇನ್ನೊಂದು. ಕ್ರಿಯಾಪದ, ವಿಶೇಷಣ ಮುಂತಾದವುಗಳ ಅರ್ಥವೆಲ್ಲ ಇವುಗಳಿಂದ ಕಟ್ಟಿದ ಫಂಕ್ಷನ್‌ಗಳು, ಅಂದರೆ ಒಂದನ್ನು ಕೊಟ್ಟರೆ ಅದಕ್ಕೆ ತಕ್ಕ ಇನ್ನೊಂದನ್ನು ಕೊಡುವ ನಿಯಮಗಳು. ಇಲ್ಲಿ ‘ಹಸುವೊಂದನ್ನು ಸಾಕಿರುವ’ ಎಂಬುದು ಅಂಥ ಒಂದು ಹಸು ಇದೆ ಎಂದಷ್ಟೇ ಹೇಳಿ ಮುಗಿಯುತ್ತದೆ. ಆ ಹೇಳಿಕೆಯ ವ್ಯಾಪ್ತಿಯ ಆಚೆಗಿರುವ ಸರ್ವನಾಮಕ್ಕೆ ಹಸು ದಕ್ಕುವುದಿಲ್ಲ.

ಸ್ವೀಡನ್ನಿನ ತರ್ಕಶಾಸ್ತ್ರಜ್ಞ ಪೆರ್ ಮಾರ್ಟಿನ್-ಲೋಫ್ 1970ರ ದಶಕದಲ್ಲಿ ಗಣಿತದ ತಳಹದಿಗಾಗಿ ಬೆಳೆಸಿದ ಪ್ರಕಾರ ಸಿದ್ಧಾಂತ ಬೇರೆ ಬಗೆಯದು. ಅದರಲ್ಲಿ ಒಂದು ಹೇಳಿಕೆಯೇ ಒಂದು ಪ್ರಕಾರ. ಆ ಹೇಳಿಕೆಯ ಪುರಾವೆಗಳು ಅದರ ಸದಸ್ಯರು. ‘ಹಸು ಇದೆ’ ಎನ್ನುವುದಕ್ಕೆ ಪುರಾವೆ ಬೇಕಾದರೆ ಒಂದು ಹಸುವನ್ನೇ ತಂದು ಮುಂದೆ ನಿಲ್ಲಿಸಬೇಕು. ಹೀಗಾಗಿ ‘ಹಸು ಸಾಕಿರುವ ರೈತ’ ಎಂದರೆ ಬರೀ ರೈತನಲ್ಲ: ರೈತ, ಹಸು ಮತ್ತು ಆ ಹಸು ಅವನದೇ ಎಂಬುದರ ಪುರಾವೆ ಸೇರಿದ ಒಂದು ಕಟ್ಟು. ಇಡೀ ವಾಕ್ಯದ ಪುರಾವೆಯೆಂದರೆ ಅಂಥ ಯಾವ ಕಟ್ಟನ್ನು ಕೊಟ್ಟರೂ, ಅದರೊಳಗಿನ ರೈತ ಅದರೊಳಗಿನ ಹಸುವನ್ನು ಮೇಯಿಸುತ್ತಾನೆ ಎಂಬುದಕ್ಕೆ ಪುರಾವೆ ಒದಗಿಸುವ ಫಂಕ್ಷನ್. ‘ಅದನ್ನು’ ಎಂಬುದು ಆ ಕಟ್ಟಿನಿಂದ ಹಸುವನ್ನು ಹೊರತೆಗೆಯುತ್ತದೆ, ಅಷ್ಟೇ. ತರ್ಕಶಾಸ್ತ್ರಜ್ಞ ಯೋರಾನ್ ಸುಂಡ್‌ಹೋಲ್ಮ್ 1986ರಲ್ಲಿ ತೋರಿಸಿದ ಈ ದಾರಿಯನ್ನು ಭಾಷಾ ಸಂಶೋಧಕ ಆರ್ನೆ ರಾಂಟಾ 1994ರ ತಮ್ಮ ಗ್ರಂಥದಲ್ಲಿ ವ್ಯಾಕರಣವಾಗಿಯೇ ವಿಸ್ತರಿಸಿದರು. ಸರ್ವನಾಮಕ್ಕೆಂದು ಪ್ರತ್ಯೇಕ ನಿಯಮವೊಂದನ್ನು ಹೊಸೆಯದೆ ಉತ್ತರ ಸಿಗುತ್ತದೆ ಎಂಬುದೇ ಇದರ ದೊಡ್ಡ ಗುಣವೆಂದು ನನಗೆ ಅನಿಸುತ್ತದೆ.

ಆದರೆ ‘ಪ್ರತಿಯೊಬ್ಬ’ ಎಂಬಲ್ಲಿ ‘ಹೆಚ್ಚಿನ’ ಎಂದು ಹಾಕಿದೊಡನೆ ತೊಡಕು ಎದುರಾಗುತ್ತದೆ. ಒಬ್ಬ ರೈತನಿಗೆ 10 ಹಸುಗಳಿದ್ದು ಎಲ್ಲವನ್ನೂ ಅವನೇ ಮೇಯಿಸುತ್ತಾನೆ, ಉಳಿದ 9 ರೈತರಿಗೆ ಒಂದೊಂದೇ ಹಸುವಿದ್ದು ಅವರಲ್ಲಿ ಯಾರೂ ಮೇಯಿಸುವುದಿಲ್ಲ ಎಂದಿಟ್ಟುಕೊಳ್ಳಿ. ಕಟ್ಟುಗಳನ್ನು ಎಣಿಸಿದರೆ 19ರಲ್ಲಿ 10 ಸರಿಬೀಳುತ್ತವೆ. ‘ಹೆಚ್ಚಿನ ರೈತರು ಮೇಯಿಸುತ್ತಾರೆ’ ಎಂಬುದು ನಿಜವಾಗಿಬಿಡುತ್ತದೆ. ರೈತರನ್ನು ಎಣಿಸಿದರೆ ಮೇಯಿಸುವವನು 10 ಜನರಲ್ಲಿ ಒಬ್ಬನೇ. ಸರ್ವನಾಮಕ್ಕೆ ಹಸು ಸಿಗಲೆಂದು ಕಟ್ಟನ್ನು ಉಳಿಸಿಕೊಂಡೇ, ಎಣಿಕೆಯಲ್ಲಿ ಮಾತ್ರ ರೈತನನ್ನು ಒಮ್ಮೆಯೇ ಲೆಕ್ಕಕ್ಕೆ ತೆಗೆದುಕೊಳ್ಳುವ ಬಗೆಯನ್ನು ಸುಂಡ್‌ಹೋಲ್ಮ್ ಅವರೇ 1989ರಲ್ಲಿ ಹುಡುಕಹೊರಟರು.